ಗಾಳಿ ಬೀಸುತ್ತಿದ್ದವರಿಗೆ ಜ್ವರ

ನಮ್ಮ ಅತ್ತೆಗೆ ಜ್ವರ ಬಂದಿದೆಯೆಂದು ನನಗೆ ಮೊದಲು ಹೇಳಿದ್ದು ಅವರ ಮುಡಿಯ ಮಲ್ಲಿಗೆ. ಬೆಳಿಗ್ಗೆ ಹುಣಸೂರಿನ ಮಾರ್ಕೆಟ್ಟಿನಿಂದ ತಂದ ಒಂದೇ ದಂಡೆಯನ್ನು ಇಬ್ಬರೂ ಹಂಚಿಕೊಂಡು ಮುಡಿದಿದ್ದೆವು. ಮಧ್ಯಾಹ್ನಕ್ಕೆ ನನ್ನದು ಆಗಷ್ಟೇ ಬಿರಿಯುತ್ತಿತ್ತು. ಅವರದು ಕಂದಿ, ಸೊರಗಿ, ಜಡೆಗೆ ಅಂಟಿಕೊಂಡಿತ್ತು. ಹತ್ತಿರ ಹೋಗಿ ನೋಡಿದೆ. ಕಿವಿಯ ಹಾಲೆಗಳು ಕೆಂಪಾಗಿದ್ದವು. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದರು. ಕಾಫಿ ಲೋಟದ ತಳದಲ್ಲಿ ಎರಡು ಗುಟುಕು ಹಾಗೇ ಉಳಿದಿತ್ತು. ನಮ್ಮ ಅತ್ತೆ ಲೋಟದಲ್ಲಿ ಕಾಫಿ ಉಳಿಸಿದ್ದನ್ನು ನಾನು ಮದುವೆಯಾಗಿ ಬಂದಮೇಲೆ ಕಂಡಿರಲಿಲ್ಲ.

"ಅತ್ತೆ, ನಿಮಗೆ ಜ್ವರ ಬಂದಿದೆ."

"ಒಲೆ ಮುಂದೆ ಕುಂತವ್ಳಿಗೆ ಮೈ ಬಿಸಿ ಇರ್ದೆ ತಣ್ಣಗಿರ್ತದಾ? ಓಗಮ್ಮಿ, ಬೆಳ್ಳುಳ್ಳಿ ಬಿಡಿಸು."

ಬೆಳ್ಳುಳ್ಳಿ ಬಿಡಿಸುತ್ತಿದ್ದದ್ದು ಬೀಗರ ಊಟಕ್ಕೆ. ನನ್ನ ನಾದಿನಿಯ, ಅಂದರೆ ಅತ್ತೆಯ ಒಬ್ಬಳೇ ಮಗಳ ಮದುವೆ ಮುಗಿದಿತ್ತು. ಬರುವ ಭಾನುವಾರ ಗಂಡಿನ ಕಡೆಯವರೆಲ್ಲ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಆ ಭಾನುವಾರ ತಪ್ಪಿದರೆ ಆಷಾಢ, ಅದಾದಮೇಲೆ ಮಾಂಸ ಮುಟ್ಟದ ಶ್ರಾವಣ. ಹಾಗಾಗಿ ಮುಂದಕ್ಕೆ ಹಾಕುವ ಮಾತೇ ಇರಲಿಲ್ಲ.

ಆದರೆ ಅತ್ತೆಯ ಜೀವವಿದ್ದದ್ದು ಊಟದಲ್ಲಲ್ಲ, ಹಾಡಿನಲ್ಲಿ. ಬೀಗರು ಎಲೆಯ ಮುಂದೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ನಿಂತು ಅವರನ್ನು, ಅದರಲ್ಲೂ ಬೀಗಿತ್ತಿಯನ್ನು, ಹಾಡಿನಲ್ಲಿ ಜರೆಯುವ ವಾಡಿಕೆ ನಮ್ಮ ಕಡೆ ಇನ್ನೂ ಅಲ್ಲಲ್ಲಿ ಉಳಿದಿದೆ. ಅತ್ತೆ ಅದರಲ್ಲಿ ಹೆಸರಾದವರು. ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರೆಗೂ ಹೋಗಿ ಯಾರದೋ ಮನೆಯ ಬೀಗಿತ್ತಿಯನ್ನು ಜರೆದು, ಬಾಯ್ತುಂಬ ನಗಿಸಿ, ಎಲೆ ಅಡಿಕೆ ತೆಗೆದುಕೊಂಡು ಬಂದವರು. ಇಷ್ಟು ವರ್ಷ ಪರರ ಬೀಗಿತ್ತಿಯರ ಮೇಲೆ ಹಾಡಿದವರಿಗೆ ಈಗ ಸ್ವಂತ ಬೀಗಿತ್ತಿ ಸಿಕ್ಕಿದ್ದರು. ಕೊತ್ತಂಬರಿ ಸೋಸುವಾಗಲೂ ಅವರ ತುಟಿ ಅಲುಗುತ್ತಿತ್ತು. ನಾನು ಹತ್ತಿರ ಹೋದರೆ ನಿಲ್ಲುತ್ತಿತ್ತು. ಹಾಡು ಭಾನುವಾರದವರೆಗೆ ಗುಟ್ಟು.

ಗುಟ್ಟಾಗಿಡಲು ಇನ್ನೊಂದು ಕಾರಣ, ಆ ಬೀಗಿತ್ತಿ ಆಗ ನಮ್ಮ ಮನೆಯ ಜಗಲಿಯ ಮೇಲೇ ಕೂತಿದ್ದರು. ನಮ್ಮದು ಹೊಗೆಸೊಪ್ಪಿನ ಸೀಮೆಯಾದರೆ ಅವರು ಕೆ.ಆರ್. ನಗರದ ಕಡೆಯ ಕಾಲುವೆ ಸೀಮೆಯ ಮಿರ್ಲೆಯವರು. ಊಟಕ್ಕೆ ಎಷ್ಟು ಜನ ಬರುತ್ತಾರೆಂದು ಹೇಳಿ ಸಂಜೆ ಬಸ್ಸಿಗೆ ಕೆ.ಆರ್. ನಗರಕ್ಕೆ ಹೊರಡುತ್ತೇನೆಂದು ಬಂದಿದ್ದರು. ಬೀಗಿತ್ತಿಯನ್ನು ಹಾಗೆ ಕಳಿಸುವುದುಂಟೇ. ಅವರ ಚೀಲವನ್ನು ಅತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಇವರಿಬ್ಬರ ನಡುವಿನ ಮರ್ಯಾದೆ ನೋಡಿಯೇ ನಂಬಬೇಕು. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೂ ಆಗಬೇಕು. ಒಂದು ಕಡೆಯಿಂದ ಸೀರೆ ಬಂದರೆ ಅಷ್ಟೇ ಅಂಚಿನ ಸೀರೆ ಆ ಕಡೆಗೂ ಹೋಗಬೇಕು. ಒಬ್ಬರು ಎರಡನೇ ಸಲ ಪಲ್ಯ ಹಾಕಿಸಿಕೊಂಡರೆ ಇನ್ನೊಬ್ಬರು ಹೊಟ್ಟೆ ಬಿರಿದರೂ ಹಾಕಿಸಿಕೊಳ್ಳಬೇಕು. ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ಕೇಕನ್ನು ಸಿಸ್ಟರ್ ಸ್ಕೇಲು ಇಟ್ಟು ಕತ್ತರಿಸುತ್ತಿದ್ದರು. ಅವರು ಬಂದು ಇವರಿಬ್ಬರ ಹತ್ತಿರ ಕಲಿಯಬೇಕಿತ್ತು.

ನಮ್ಮ ಬೀದಿಯಲ್ಲಿ ಆಗಲೇ ಮೂರ್ನಾಲ್ಕು ಮನೆಗಳಲ್ಲಿ ಡೆಂಗಿ ಜ್ವರವಾಗಿತ್ತು. ನಾನು ಬಿಡಲಿಲ್ಲ. ಮೂಲೆಯ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರೋಣ ಎಂದು ಗೋಗರೆದೆ.

"ಬೀಗಿತ್ತಿನ ಒಬ್ರನ್ನೇ ಬುಟ್ಟು ನಾನೆಂಗೆ ಓಗ್ಲಿ?" ಎಂದರು ಅತ್ತೆ.

"ನಾನೂ ಬತ್ತೀನಿ ನಡೀರಿ," ಎಂದು ಬೀಗಿತ್ತಿ ಎದ್ದು ಸೆರಗು ಸರಿಮಾಡಿಕೊಂಡರು.

ಲ್ಯಾಬಿನ ಹುಡುಗಿ ಅತ್ತೆಯ ತೋಳಿಗೆ ರಬ್ಬರು ಕಟ್ಟಿ ರಕ್ತ ತೆಗೆದಳು. ಸೂಜಿ ಹೊರಬಂದದ್ದೇ ತಡ, ಪಕ್ಕದಲ್ಲಿ ಬಳೆಗಳ ಸದ್ದಾಯಿತು. ಬೀಗಿತ್ತಿ ಬಳೆ ಮೇಲಕ್ಕೆ ಏರಿಸಿ ತಮ್ಮ ತೋಳು ಚಾಚಿದ್ದರು.

"ನಿಮಗೂ ಜ್ವರವಾ ಅಮ್ಮ?"

"ನಂಗೇನವ್ವ, ಗುಂಡುಕಲ್ಲಂಗಿವ್ನಿ. ಆದ್ರೆ ಬೀಗಿತ್ತಿ ಒಬ್ರೇ ಕೊಟ್ರೆ ಚೆಂದಾಗಿರ್ತದಾ? ಅವ್ರಿಗೆ ಎಳ್ದಷ್ಟೇ ಎಳಿ. ಒಂದು ತೊಟ್ಟು ಹೆಚ್ಚುಕಮ್ಮಿ ಮಾಡ್ಬ್ಯಾಡ."

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಗು ತಡೆಯಲು ನನಗೆ ಗೊತ್ತಿರುವ ಉಪಾಯ ಅದೊಂದೇ.

ಸ್ವಲ್ಪ ಹೊತ್ತಿಗೆ ಎರಡು ಬಿಳಿ ಕಾರ್ಡು ತಂದಿಟ್ಟಳು. ನಮ್ಮ ಕಿರುಬೆರಳಿನಷ್ಟು ಕಿಟಕಿ, ಪಕ್ಕದಲ್ಲಿ ಸಿ, ಎಂ, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ. ಕಾರ್ಡು ಸರಿಯಾಗಿ ಕೆಲಸ ಮಾಡಿದೆ ಎನ್ನುವುದಕ್ಕೆ ಸಿ ಹತ್ತಿರ ಎಲ್ಲರಿಗೂ ಒಂದು ಗೆರೆ ಬರುತ್ತದಂತೆ. ಅತ್ತೆಯ ಕಾರ್ಡಿನಲ್ಲಿ ಅದೊಂದೇ ಇತ್ತು. ಬೀಗಿತ್ತಿಯ ಕಾರ್ಡಿನಲ್ಲಿ ಜಿ ಹತ್ತಿರವೂ ಅಂಗೈ ರೇಖೆಯಂಥ ತೆಳ್ಳನೆಯ ಗುಲಾಬಿ ಗೆರೆಯೊಂದು ಮೂಡಿತ್ತು.

"ಇವರಿಗೆ ನೆಗೆಟಿವ್, ಇವರಿಗೆ ಜಿ ಪಾಸಿಟಿವ್. ಡಾಕ್ಟರಿಗೆ ತೋರಿಸಿಬಿಡಿ ಮೇಡಂ," ಎಂದಳು ಹುಡುಗಿ.

ಡಾಕ್ಟರಮ್ಮ ಮೈಸೂರಿಗೆ ಹೋಗಿದ್ದರು, ಸಿಗುವುದು ಮಾರನೆಯ ಸಂಜೆಗೆ. ನಮಗೆ ಕಿವಿಗೆ ಬಿದ್ದದ್ದು 'ಪಾಸಿಟಿವ್' ಒಂದೇ. ಮನೆ ತಲುಪುವ ಹೊತ್ತಿಗೆ ಬೀದಿಗೆಲ್ಲ ಸುದ್ದಿ: ಮನೆಗೆ ಬಂದ ಬೀಗಿತ್ತಿಗೆ ಡೆಂಗಿ.

ಅಲ್ಲಿಂದ ನಮ್ಮ ಮನೆ ಬುಡಮೇಲಾಯಿತು. ಇರುವ ಒಂದೇ ಸೊಳ್ಳೆಪರದೆಯನ್ನು ಬೀಗಿತ್ತಿಯ ಮಂಚಕ್ಕೆ ಕಟ್ಟಿದರು. ಕಟ್ಟಿದ್ದು ಅತ್ತೆ, ಸ್ಟೂಲು ಹತ್ತಿ, ತೂರಾಡಿಕೊಂಡು. ಎಳನೀರು ಬಂತು, ಮೂಸಂಬಿ ಬಂತು, ಎದುರು ಮನೆಯವರು ಕಿವಿ ಹಣ್ಣು ಎಂಬ ರೋಮದ ಹಣ್ಣನ್ನು ತಂದುಕೊಟ್ಟರು. ಯಾರೋ ಹೇಳಿದರೆಂದು ಅತ್ತೆ ಪರಂಗಿ ಎಲೆ ಅರೆದು ರಸ ತೆಗೆದರು. ಬೀಗಿತ್ತಿ ಆ ಹಸಿರು ವಿಷವನ್ನು ಕಣ್ಣು ಮುಚ್ಚಿ ಕುಡಿದು, ಮುಖ ಕಿವುಚದೆ, "ಚೆಂದಾಗದೆ" ಎಂದರು. ಮರ್ಯಾದೆ ಎಂದರೆ ಅದು. ಮಿರ್ಲೆಯಿಂದ ಫೋನಿನ ಮೇಲೆ ಫೋನು. "ಒಂದು ಗೆರೆ ಬಂದದಂತೆ ಕಣಪ್ಪಾ. ಇಲ್ಲ, ಅವ್ರಿಗೆ ಒಂದೂ ಬಂದಿಲ್ಲ," ಎಂದು ಹೇಳುವಾಗ ಬೀಗಿತ್ತಿಯ ದನಿಯಲ್ಲಿ ಸಣ್ಣದೊಂದು ಹೆಮ್ಮೆಯಿತ್ತು.

ಅತ್ತೆಯ ಮೈ ಕಾಯುತ್ತಲೇ ಇತ್ತು. ಕೇಳಿದರೆ ಸಿದ್ಧವಾದ ಉತ್ತರ. "ನಂಗೆ ಇಲ್ಲ ಅಂತ ಕಾರ್ಡೇ ಹೇಳ್ತಲ್ಲಮ್ಮಿ. ನೀ ಓದಿರೋಳು, ಕಾರ್ಡು ಸುಳ್ಳು ಹೇಳ್ತದಾ?"

ನನಗೂ ಹಾಗೇ ಅನ್ನಿಸಿತ್ತು. ಅಚ್ಚಾದ ಅಕ್ಷರ, ನೇರವಾದ ಗೆರೆ, ಅದನ್ನು ಅನುಮಾನಿಸುವುದನ್ನು ನಮಗೆ ಶಾಲೆಯಲ್ಲಿ ಕಲಿಸಿರಲಿಲ್ಲ. ಆದರೆ ಕಣ್ಣು ಸುಮ್ಮನಿರಲಿಲ್ಲ. ಪರದೆಯೊಳಗೆ ಮಲಗಿದ್ದ ಬೀಗಿತ್ತಿ ಗಂಜಿಗೆ ಉಪ್ಪಿನಕಾಯಿ ಕೇಳುತ್ತಿದ್ದರು, ಬೇರೆ ಉಪ್ಪಿನಕಾಯಿ ಇದೆಯಾ ಎಂದೂ ಕೇಳುತ್ತಿದ್ದರು. ಕಣ್ಣು ಮುಚ್ಚಿದ್ದರೂ ಕಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ಉತ್ತರದ ಹಾಡು ಕಟ್ಟುತ್ತಿದ್ದಾರೆಂದು ನನಗೆ ಅರ್ಥವಾಯಿತು. ಇತ್ತ ಒಲೆಯ ಮುಂದೆ ಅತ್ತೆ ಒಂದು ಕೈ ಸೊಂಟಕ್ಕೆ, ಒಂದು ಕೈ ಗೋಡೆಗೆ ಕೊಟ್ಟು ನಿಂತಿದ್ದರು. ಅವರ ತುಟಿ ಅಲುಗುವುದು ನಿಂತಿತ್ತು. ಅದು ನನ್ನನ್ನು ಹೆದರಿಸಿತು. ಅಡಿಗೆಮನೆಯ ಗೂಡಿನಲ್ಲಿ, ಅರಿಶಿನದ ಡಬ್ಬಿಯ ಹಿಂದೆ, ಮೈಕೈ ನೋವಿನ ಮಾತ್ರೆಯ ಹಾಳೆ ಸಿಕ್ಕಿತು. ಒಂದು ಗುಳಿ ಖಾಲಿ.

ಮಾರನೆಯ ಸಂಜೆ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ರೋಗಿಯ ಸ್ಟೂಲಿನ ಮೇಲೆ ಬೀಗಿತ್ತಿ ಗಂಭೀರವಾಗಿ ಕುಳಿತರು. ಹಿಂದೆ ನಿಂತು ಅತ್ತೆ ಸೆರಗಿನಿಂದ ಅವರಿಗೆ ಗಾಳಿ ಬೀಸತೊಡಗಿದರು.

ಡಾಕ್ಟರಮ್ಮ ಬೀಗಿತ್ತಿಯ ನಾಡಿ ಹಿಡಿದರು, ಥರ್ಮಾಮೀಟರ್ ಇಟ್ಟರು, ನಾಲಿಗೆ ನೋಡಿದರು.

"ಜ್ವರ ಯಾವತ್ತು ಶುರುವಾಯಿತು?"

"ಯಾವ ಜರ?" ಎಂದರು ಬೀಗಿತ್ತಿ.

"ನಿಮಗೆ ಬಂದಿರೋದು."

"ನಂಗೆ ಜರ ಬಂದಿಲ್ಲ ಕಣ್ರವ್ವ. ಡೆಂಗಿ ಬಂದದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಾರ್ಡಿನ ಕತೆಯನ್ನು ನಾನು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ವಿಚಿತ್ರವಾಗಿ ಕೇಳಿಸತೊಡಗಿತು. ಅವರು ಕೇಳುತ್ತ ಕೇಳುತ್ತ ಬೀಗಿತ್ತಿಯ ಹೆಗಲಾಚೆ ನೋಡಿದರು.

"ಅಲ್ಲಿ ಗಾಳಿ ಬೀಸ್ತಿರೋರು ಯಾರು?"

"ನಮ್ಮತ್ತೆ."

"ಅವರ್ಯಾಕೆ ನಡುಗ್ತಿದ್ದಾರೆ?"

ನಾನೂ ಬೀಗಿತ್ತಿಯೂ ತಿರುಗಿ ನೋಡಿದೆವು. ಸೆರಗು ಅಲುಗುತ್ತಿದ್ದದ್ದು ಅರ್ಧ ಬೀಸುವುದರಿಂದ, ಅರ್ಧ ನಡುಕದಿಂದ. ಬೀಗಿತ್ತಿ ಚಟ್ಟನೆ ಎದ್ದು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿದರು. ಥರ್ಮಾಮೀಟರ್ ನೋಡಿದ ಡಾಕ್ಟರಮ್ಮನ ಹುಬ್ಬು ಮೇಲೇರಿತು. ನಿನ್ನೆ ಬೆಳಿಗ್ಗೆಯಷ್ಟೇ ಜ್ವರ ಶುರುವಾಯಿತು, ಮಧ್ಯಾಹ್ನವೇ ಪರೀಕ್ಷೆ ಮಾಡಿಸಿದೆವು ಎಂದಾಗ ಅವರು ನಿಟ್ಟುಸಿರು ಬಿಟ್ಟು, ನಮ್ಮ ಮನೆಯಲ್ಲಿ ಬೀಗರ ಊಟವಿರುವುದನ್ನು ಕೇಳಿ ತಿಳಿದುಕೊಂಡು, ಹೀಗೆ ಹೇಳಿದರು:

"ನೋಡಿ ಅಮ್ಮ, ರೋಗಾಣು ಅಂದ್ರೆ ಹೇಳದೆ ಕೇಳದೆ ಬಂದ ಬೀಗರು ಅಂದ್ಕೊಳ್ಳಿ. ಬಂದ ತಕ್ಷಣ ಅಡಿಗೆ ಆಗಿರುತ್ತಾ? ಒಲೆ ಹಚ್ಚಬೇಕು, ಮಸಾಲೆ ಅರೀಬೇಕು. ನಿಮ್ಮ ಮೈಗೂ ಅದನ್ನ ಎದುರಿಸೋ ಶಕ್ತಿ ತಯಾರು ಮಾಡೋಕೆ ನಾಲ್ಕೈದು ದಿನ ಬೇಕು. ಈ ಕಾರ್ಡು ಹಜಾರದಲ್ಲಿ ಬೀಗರು ಕೂತಿದ್ದಾರಾ ಅಂತ ನೋಡೋದಿಲ್ಲ. ಅಡಿಗೆಮನೆಗೆ ಹೋಗಿ ಅಡಿಗೆ ಆಗಿದೆಯಾ ಅಂತ ನೋಡುತ್ತೆ. ಆಗಿಲ್ಲ ಅಂದ್ರೆ ಬೀಗರೇ ಬಂದಿಲ್ಲ ಅಂತ ನಾವು ತಿಳ್ಕೋತೀವಿ."

"ಮತ್ತೆ ನನ್ ಗೆರೆ?" ಎಂದರು ಬೀಗಿತ್ತಿ, ಕೊಂಚ ಆತಂಕದಿಂದ.

"ಹೋದ ವರ್ಷ ಏನಾದ್ರೂ ಜೋರು ಜ್ವರ ಬಂದಿತ್ತಾ?"

"ಬಂದಿತ್ತು. ನಾಟಿ ಒತ್ನಲ್ಲಿ. ಮೂಳೆ ಮುರ್ದು ಮೂಟೆ ಕಟ್ದಂಗಾಗಿತ್ತು. ಅಂಗೇ ವಾಸಿಯಾಯ್ತು."

"ಬಹುಶಃ ಅದೇ ಇದು. ಎಂ ಗೆರೆ ಬಂದ್ರೆ ಹೊಸ ಅಡಿಗೆ, ಜಿ ಒಂದೇ ಬಂದ್ರೆ ಹಳೇದು. ಬೀಗರು ಉಂಡು ಹೋಗಿ ವರ್ಷವಾಗಿದೆ, ನಿಮ್ಮ ಪಾತ್ರೆಯಲ್ಲಿ ಮಸಾಲೆ ಘಮ ಇನ್ನೂ ಇದೆ. ಈಗ ನಿಮಗೆ ಏನೂ ಆಗಿಲ್ಲ."

ಬೀಗಿತ್ತಿಯ ಮುಖ ನೋಡಬೇಕಿತ್ತು. ಒಂದು ಕ್ಷಣ ಸಮಾಧಾನ, ಮರುಕ್ಷಣ ಕುಡಿದ ಪರಂಗಿ ರಸದ ನೆನಪು. ನನಗೆ ತಡೆಯಲಾಗಲಿಲ್ಲ. ಈ ಸಲ ಕ್ಲಿನಿಕ್ಕಿನಲ್ಲಿ ಕ್ಯಾಲೆಂಡರೂ ಇರಲಿಲ್ಲ. ನಾನು ನಕ್ಕೆ, ಬೀಗಿತ್ತಿ ನಕ್ಕರು, ಹಲ್ಲು ಕಟಕಟಿಸುತ್ತ ಅತ್ತೆಯೂ ನಕ್ಕರು.

ಡಾಕ್ಟರಮ್ಮ ಮಾತ್ರ ನಗುವನ್ನು ಅರ್ಧಕ್ಕೆ ನಿಲ್ಲಿಸಿದರು. ರೋಗಾಣುವನ್ನೇ ಹುಡುಕುವ ಬೇರೆ ಪರೀಕ್ಷೆ ಬರೆದುಕೊಟ್ಟರು. ನೋವಿನ ಮಾತ್ರೆಯ ಹಾಳೆಯನ್ನು ನಾನು ಚೀಲದಿಂದ ತೆಗೆದು ತೋರಿಸಿದಾಗ ಕಸದ ಬುಟ್ಟಿಗೆ ಹಾಕಿದರು. ಡೆಂಗಿಯಲ್ಲಿ ಅದು ರಕ್ತಸ್ರಾವಕ್ಕೆ ದಾರಿ ಮಾಡಬಹುದಂತೆ. ಪ್ಯಾರಾಸಿಟಮಾಲ್ ಒಂದೇ ಸಾಕು, ನೀರು, ಗಂಜಿ, ಎಳನೀರು ಕುಡಿಯುತ್ತಿರಬೇಕು, ಪ್ಲೇಟ್‌ಲೆಟ್ ನೋಡಲು ಮತ್ತೆ ಮತ್ತೆ ರಕ್ತ ಕೊಡಬೇಕು. ಹೊರಡುವಾಗ ನನ್ನೊಬ್ಬಳನ್ನೇ ನಿಲ್ಲಿಸಿ ಹೇಳಿದರು. "ಜ್ವರ ಇಳಿದ ದಿನ ಎಲ್ಲರೂ ಎದ್ದು ಓಡಾಡ್ತಾರೆ. ನಿಜವಾಗಿ ಹುಷಾರಾಗಿರಬೇಕಾದ್ದು ಆಗಲೇ. ಹೊಟ್ಟೆನೋವು, ವಾಂತಿ, ಒಸಡಲ್ಲಿ ರಕ್ತ, ಸುಸ್ತು, ಯಾವುದು ಕಂಡರೂ ನೇರ ಆಸ್ಪತ್ರೆ. ಅಲ್ಲೀತನಕ ಮಂಚ ಬಿಟ್ಟು ಇಳಿಸಬೇಡಿ."

ಬೆಳಿಗ್ಗೆ ಆ ಪರೀಕ್ಷೆಯ ಫಲಿತಾಂಶ ಬಂತು. ಡೆಂಗಿ ಇದ್ದದ್ದು ಅತ್ತೆಗೇ.

ಮನೆ ಮತ್ತೊಮ್ಮೆ ಬುಡಮೇಲಾಯಿತು, ಈ ಸಲ ಸರಿಯಾದ ಕಡೆಗೆ. ಸೊಳ್ಳೆಪರದೆ ಮಂಚ ಬದಲಿಸಿತು. ಬೀಗಿತ್ತಿ ಚೀಲ ಕೇಳಲೇ ಇಲ್ಲ. "ನಂಗೆ ಇಲ್ದೆ ಇದ್ದ ಕಾಯ್ಲೆಗೆ ಇಷ್ಟು ಮಾಡಿದ್ರಿ. ನಿಮಗೆ ಇರೋ ಕಾಯ್ಲೆಗೆ ನಾನು ಮಾಡ್ದೆ ಓದ್ರೆ ಮಿರ್ಲೇಲಿ ಮೊಕ ತೋರ್ಸಕಾಯ್ತದಾ?" ಎಂದು ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರು. ಅವರಿಗೆಂದು ಬಂದಿದ್ದ ಎಳನೀರುಗಳಲ್ಲಿ ಉಳಿದಿದ್ದವು ಅತ್ತೆಗಾದವು. ಪರಂಗಿ ಎಲೆಯನ್ನು ಮಾತ್ರ ಡಾಕ್ಟರಮ್ಮ ಬರೆದಿಲ್ಲ, ಅದರ ಮೇಲೆ ನೆಚ್ಚಿಕೊಳ್ಳುವುದು ಬೇಡ ಎಂದು ನಾನು ಹೇಳಿದೆ. ಬೀಗಿತ್ತಿಗೆ ಅದರಿಂದ ಬಹಳ ನಿರಾಸೆಯಾಯಿತು.

ಭಾನುವಾರ ಬೆಳಿಗ್ಗೆ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಎದ್ದಿತ್ತು. ಕೊಪ್ಪರಿಗೆಯಿಂದ ಮಟನ್ ಸಾರಿನ ಹಬೆ ಕಿಟಕಿಗೇ ಬರುತ್ತಿತ್ತು. ಅತ್ತೆಯ ಹಣೆ ಮುಟ್ಟಿದೆ. ತಣ್ಣಗಿತ್ತು.

"ಇಳೀತು ನೋಡಮ್ಮಿ. ಆ ಕೆಂಪಂಚಿನ ಸೀರೆ ತಕ್ಕೊಂಬಾ."

"ಇಲ್ಲ ಅತ್ತೆ."

"ಒಂದೇ ಒಂದು ಪದ ಹೇಳ್ಬುಟ್ಟು ಬತ್ತೀನಿ."

"ಇಲ್ಲ ಅತ್ತೆ."

ಅವರ ಕಣ್ಣಲ್ಲಿ ನೀರು ತುಂಬಿತು. ನಾನು ಆ ಮನೆಯಲ್ಲಿ ಅವರ ಮಾತಿಗೆ ಇಲ್ಲವೆಂದದ್ದು ಅಪರೂಪ. ಹೊರಗೆ ಬೀಗರ ವ್ಯಾನು ಬಂದು ನಿಂತ ಸದ್ದಾಯಿತು. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತೆ. ಅತ್ತೆ ಕಾಲು ಕೆಳಗಿಟ್ಟೇಬಿಟ್ಟರು. ನಿಂತವರು ಹಾಗೇ ಮಂಚದ ಅಂಚು ಹಿಡಿದುಕೊಂಡರು.

ಆಗ ಹೊಸ ರೇಷ್ಮೆಸೀರೆ ಉಟ್ಟು ಸಿದ್ಧವಾಗಿದ್ದ ಬೀಗಿತ್ತಿ ನನ್ನನ್ನು ದಾಟಿ ಒಳಗೆ ಬಂದರು. ಅತ್ತೆಯನ್ನು ಮಲಗಿಸಿದರು. ಪಕ್ಕದ ಮಂಚದ ಮೇಲೆ, ರೇಷ್ಮೆಸೀರೆಯಲ್ಲೇ, ತಾವೂ ಕಾಲು ಚಾಚಿ ಮಲಗಿಬಿಟ್ಟರು.

"ಇದೇನ್ರೀ? ಊಟದೆಲೆ ನಿಮಗೋಸ್ಕರ ಹಾಕವ್ರೆ."

"ನೀವು ಎದ್ದಿಲ್ಲ ಅಂದಮ್ಯಾಕೆ ನಾನೂ ಏಳಾಕಿಲ್ಲ. ಸಮಕ್ಕೆ ಸಮ. ನೀವು ಗಂಜಿ ಅಂದ್ರೆ ನಂಗೂ ಗಂಜಿ."

ಅತ್ತೆಯ ಮರ್ಯಾದೆಯ ಲೆಕ್ಕ ಸಿಕ್ಕುಬಿತ್ತು. ಬೀಗರ ಊಟ ತಪ್ಪದಂತೆ ಬೀಗಿತ್ತಿಯನ್ನು ಎಬ್ಬಿಸಬೇಕೆಂದರೆ ತಾವು ಏಳಬೇಕು, ಎದ್ದರೆ ಸೊಸೆ ಬಿಡುವುದಿಲ್ಲ, ಮೈಯೂ ಬಿಡುವುದಿಲ್ಲ. ಕೊನೆಗೆ ಅವರ ತುಟಿ ಅಲುಗತೊಡಗಿತು. ನಾನು ಎದ್ದು ಕಿಟಕಿಯ ಎರಡೂ ಬಾಗಿಲು ತೆರೆದೆ.

ಕಾಲುವೆ ನೀರು ಕುಡಿದ ಬೀಗಿತ್ತಿ
ಕಾಯ್ಲೆ ಇಲ್ದೆ ಮಲಗಿದ್ಲು
ಎಳನೀರೆಲ್ಲ ಹೀರಿದ ಬೀಗಿತ್ತಿ
ಉಪ್ಪಿನಕಾಯಿ ಬೇಡಿದ್ಲು

ದನಿ ಸಣ್ಣದಾಗಿತ್ತು, ಆದರೆ ಎಳೆ ಕಡಿಯಲಿಲ್ಲ. ಶಾಮಿಯಾನದಲ್ಲಿ ಯಾರೋ "ಸುಮ್ಕಿರ್ರೋ" ಎಂದರು. ಹೆಂಗಸರೆಲ್ಲ ಕಿಟಕಿಯ ಹೊರಗೆ ಬಂದು ಗುಂಪುಗೂಡಿದರು, ನಾದಿನಿಯೂ ಅವರ ನಡುವೆ ನುಗ್ಗಿ ಸರಳು ಹಿಡಿದು ನಿಂತಳು. ಸೂರು ನೋಡುತ್ತಲೇ ಬೀಗಿತ್ತಿ ಉತ್ತರ ಕೊಟ್ಟರು.

ಹೊಗೆಸೊಪ್ಪಿನ ಸೀಮೆ ನಮ್ಮ ಬೀಗಿತ್ತಿ
ಹೊಗೆ ಕಂಡ್ರೂನೂ ಉರಿ ಕಾಣ್ಳು
ಮೈಯೊಳ್ಗೆ ಕೆಂಡ ಇಟ್ಕೊಂಡ ಬೀಗಿತ್ತಿ
ಊರೋರಿಗೆಲ್ಲ ಗಾಳಿ ಬೀಸಿದ್ಲು

ಹೊರಗೆ ನಗೆಯ ಅಲೆ ಎದ್ದು ಶಾಮಿಯಾನದ ಆ ತುದಿಗೆ ಹೋಗಿ ಬಂತು. ಅತ್ತೆ ಇನ್ನೊಂದು ಪದ ಶುರುಮಾಡಿ ಅರ್ಧಕ್ಕೆ ದಣಿದರು. ಬೀಗಿತ್ತಿ ಅದನ್ನು ಎತ್ತಿಕೊಂಡರು. ತಮ್ಮನ್ನು ಜರೆಯುವ ಪದದ ಉಳಿದರ್ಧವನ್ನು ತಾವೇ ಕಟ್ಟಿ ಹಾಡಿದರು, ಅತ್ತೆ ಕಟ್ಟುತ್ತಿದ್ದುದಕ್ಕಿಂತ ಖಾರವಾಗಿ. ಅತ್ತೆ ಪರದೆಯೊಳಗಿಂದ, "ಅದು ನನ್ ಪದಕ್ಕಿಂತ ಚೆಂದಾಗದೆ, ಬುಟ್ಟುಬುಡಿ, ನಂದೇ ಅಂತ ಹೇಳಿ," ಎಂದರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೆ, ಅತ್ತೆಯ ಒಸಡು ನೋಡುವುದನ್ನು ಮಾತ್ರ ಮರೆಯಲಿಲ್ಲ. ರಕ್ತವಿರಲಿಲ್ಲ. ಸಂಜೆ ಕೊಟ್ಟ ರಕ್ತದಲ್ಲಿ ಪ್ಲೇಟ್‌ಲೆಟ್ ಕೊಂಚ ಇಳಿದಿತ್ತು, ಹೆದರುವಷ್ಟಲ್ಲ ಎಂದರು ಡಾಕ್ಟರಮ್ಮ. ಮುಂದಿನ ಸಲಕ್ಕೆ ಏರತೊಡಗಿತು.

ಆ ಭಾನುವಾರವೇ ಗಂಜಿ ಬಟ್ಟಲು ಎತ್ತುವಾಗ ಒಂದು ಸಣ್ಣ ಸಂಗತಿ ಕಂಡೆ. ಬೀಗಿತ್ತಿಯ ಮಂಚದ ಕೆಳಗೆ, ಬಾಳೆಲೆಯ ಚೂರಿನಲ್ಲಿ ನೀಟಾಗಿ ಮಡಿಸಿಟ್ಟ ನಾಲ್ಕು ಮೂಳೆ. ಚೆನ್ನಾಗಿ ಚೀಪಿದ್ದವು. ಯಾರು ಕಿಟಕಿಯಿಂದ ದಾಟಿಸಿದರೋ. ಸೆರಗಿನ ಮರೆಯಲ್ಲಿ ಹೊರಗೆ ಹಾಕಿ ಬಂದೆ. ಅತ್ತೆಗೆ ಇಂದಿಗೂ ಹೇಳಿಲ್ಲ.

ಆಷಾಢ ಬಂತು, ನಾದಿನಿ ತವರಿಗೆ ಬಂದಳು, ಅತ್ತೆ ಒಂದೂವರೆ ಮುದ್ದೆ ಉಣ್ಣುವಷ್ಟಾದರು. ಕೊನೆಯ ಬಾರಿ ರಕ್ತ ನೋಡಿಸಲು ಲ್ಯಾಬಿಗೆ ಹೋದಾಗ ಅವರು ಹುಡುಗಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು.

"ಅವತ್ತಿನ ಆ ಬಿಳೀ ಕಾರ್ಡು ಇನ್ನೊಂದ್ಸಲ ಮಾಡವ್ವ."

"ನಿಮಗೆ ವಾಸಿಯಾಗಿದೆಯಲ್ಲ ಅಮ್ಮ, ಈಗ ಯಾಕೆ?"

"ಮಾಡು ಅಂದ್ರೆ ಮಾಡು. ಜರ ಇದ್ದಾಗ ಒಂದೂ ಬರ್ನಿಲ್ಲ. ಬೀಗಿತ್ತಿಗೆ ಬಂದದೆ, ನಂಗಿಲ್ಲ ಅಂದ್ರೆ?"

ಬೆಂಚಿನ ಮೇಲೆ ಕಾದೆವು. ಅತ್ತೆ ಮುಡಿದಿದ್ದ ಮಲ್ಲಿಗೆ ಮಧ್ಯಾಹ್ನವಾದರೂ ಬೆಳ್ಳಗೇ ಇತ್ತು. ಕಾರ್ಡು ಬಂತು. ಸಿ ಹತ್ತಿರ ಒಂದು, ಎಂ ಹತ್ತಿರ ಒಂದು, ಜಿ ಹತ್ತಿರ ಒಂದು. ಅಡಿಗೆ ಆಗಿತ್ತು, ಬೀಗರು ಹೋದಮೇಲೆ. ಅತ್ತೆ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು, ಕೈಯಳತೆ ದೂರಕ್ಕೊಯ್ದು, ಹತ್ತಿರ ತಂದು ನೋಡಿದರು. ಅಲ್ಲೇ ನನ್ನ ಫೋನಿನಲ್ಲಿ ಮಿರ್ಲೆಗೆ ವಿಡಿಯೋ ಕರೆ ಮಾಡಿಸಿದರು. ಹಸಿರು ಗದ್ದೆಯ ಮುಂದೆ ಬೀಗಿತ್ತಿಯ ಮುಖ ಕಾಣಿಸಿತು. ಅತ್ತೆ ಕಾರ್ಡನ್ನು ಕ್ಯಾಮೆರಾಕ್ಕೆ ಅಂಟಿಸಿದಷ್ಟು ಹತ್ತಿರ ಹಿಡಿದರು.

"ನೋಡ್ಕಳ್ರವ್ವ. ನಿಮಗೊಂದು, ನಂಗೆರಡು."

ಆ ಕಡೆ ಬೀಗಿತ್ತಿ ಬಳೆ ಮೇಲಕ್ಕೇರಿಸುವುದು ಕಾಣಿಸಿತು.

"ಆ ಹುಡ್ಗಿಗೆ ಲ್ಯಾಬು ಮುಚ್ಬ್ಯಾಡ ಅನ್ನಿ. ನಾಳೆ ಮೊದ್ಲ ಬಸ್ಸಿಗೆ ಬತ್ತೀನಿ."